ಮನುಷ್ಯದನಿಯ ಬೆನ್ನುಹತ್ತಿದ ಕಿರುಗೊಂಬು

ಹಿಂದಿನ ಸಂಚಿಕೆಯಲ್ಲಿ ವೆನಿಸ್ ನಗರದ ಚರ್ಚ್ ಸಂಗೀತದ ಬಗ್ಗೆ ಬರೆಯುವಾಗ ಕೊರ್ನೆಟ್ಟೊ ಎಂಬ ಊದುವಾದ್ಯವನ್ನು ಒಂದೇ ಸಾಲಿನಲ್ಲಿ ಹೆಸರಿಸಿ ಮುಂದೆ ಹೋಗಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದು ಕೇಳಿದ ಪ್ರಶ್ನೆಗಳಾದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ವಾದ್ಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮೂರಿನ ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ಹಿತ್ತಾಳೆಯ ವಾದ್ಯವನ್ನು ಊದುತ್ತಾರೆ. ನೀವು ಬರೆದ ಕೊರ್ನೆಟ್ಟೊ ಅದರದೇ ಇಟಾಲಿಯನ್ ಹೆಸರಲ್ಲವೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಹೆಸರಿನ ಬೇರು ಒಂದೇ, ವಾದ್ಯಗಳು ಬೇರೆ ಬೇರೆ. ಬ್ಯಾಂಡಿನ ಕಾರ್ನೆಟ್ 19ನೇ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ, ಒತ್ತುಗುಂಡಿಗಳಿರುವ ಹಿತ್ತಾಳೆಯ ವಾದ್ಯ. ಕೊರ್ನೆಟ್ಟೊ ಅದಕ್ಕಿಂತ ಸುಮಾರು 300 ವರ್ಷ ಹಿಂದೆಯೇ ಇಟಲಿಯಲ್ಲಿ ಪ್ರಸಿದ್ಧವಾಗಿದ್ದ ಮರದ ವಾದ್ಯ. ಇಟಾಲಿಯನ್ ಭಾಷೆಯಲ್ಲಿ ಕೊರ್ನೊ ಎಂದರೆ ಕೊಂಬು, ಕೊರ್ನೆಟ್ಟೊ ಎಂದರೆ ಚಿಕ್ಕ ಕೊಂಬು. ಪ್ರಾಣಿಯ ತಲೆಯ ಮೇಲಿರುವುದಕ್ಕೂ ಬಾಯಿಗಿಟ್ಟು ಊದುವುದಕ್ಕೂ ಕೊಂಬು ಎಂಬ ಒಂದೇ ಮಾತನ್ನು ಬಳಸುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಕೆನಿಸಿದರೆ ಕಿರುಗೊಂಬು ಎಂದೇ ಕರೆಯಬಹುದು. (ಇಂದು ಇಟಲಿಯ ಯಾವುದೇ ಕಾಫಿ ಅಂಗಡಿಯಲ್ಲಿ ಕೊರ್ನೆಟ್ಟೊ ಕೊಡಿ ಎಂದರೆ ಬೆಳಗಿನ ಕಾಫಿಯ ಜತೆ ತಿನ್ನುವ, ಕೊಂಬಿನಂತೆ ಬಾಗಿದ ಸಿಹಿ ತಿಂಡಿ ಬರುತ್ತದೆ. ವಾದ್ಯವನ್ನು ಅಲ್ಲಿನ ಜನಸಾಮಾನ್ಯರೂ ಮರೆತಿದ್ದಾರೆ.)

ಪ್ರಶ್ನೆ: ಮರದ ವಾದ್ಯ ಎಂದ ಮೇಲೆ ಅದು ಕೊಳಲಿನ ಜಾತಿಯೋ, ಕಹಳೆಯ ಜಾತಿಯೋ? ಅದನ್ನು ಮಾಡುತ್ತಿದ್ದ ಬಗೆಯನ್ನು ವಿವರಿಸುವಿರಾ?
(ಓದುಗರು, ಸಾಗರ)

ಉತ್ತರ: ಎರಡರ ಗುಣವೂ ಅದರಲ್ಲಿದೆ, ಅದರ ಸೊಗಸಿಗೂ ಕಷ್ಟಕ್ಕೂ ಅದೇ ಕಾರಣ. ಕಹಳೆಯಲ್ಲಿರುವಂತೆ ಇಲ್ಲಿಯೂ ದನಿ ಹುಟ್ಟುವುದು ತುಟಿಗಳ ಅದುರುವಿಕೆಯಿಂದ; ಕೊಳಲಿನಲ್ಲಿರುವಂತೆ ಸ್ವರ ಬದಲಾಗುವುದು ಬೆರಳಿನಿಂದ ಮುಚ್ಚಿ ತೆರೆಯುವ ರಂಧ್ರಗಳಿಂದ. ಮುಂಭಾಗದಲ್ಲಿ ಆರು ರಂಧ್ರಗಳು, ಹಿಂದೆ ಹೆಬ್ಬೆರಳಿಗೆ ಒಂದು.

ಸಾಮಾನ್ಯವಾಗಿ ಬಳಕೆಯಲ್ಲಿದ್ದ ಬಾಗಿದ ಕೊರ್ನೆಟ್ಟೊದ ಉದ್ದ ಸುಮಾರು 60 ಸೆಂಟಿಮೀಟರ್. ಬಾಗಿದ ಮರದೊಳಗೆ ಬೈರಿಗೆಯಿಂದ ಕೊರೆಯಲು ಬರುವುದಿಲ್ಲವಾದ್ದರಿಂದ, ಬಡಗಿಯು ಅಕ್ರೋಟು ಅಥವಾ ಪೇರ್‌ನಂತಹ ಗಟ್ಟಿ ಮರದ ತುಂಡನ್ನು ಉದ್ದುದ್ದಕ್ಕೆ ಎರಡು ಹೋಳಾಗಿ ಸೀಳಿ, ಪ್ರತಿ ಹೋಳಿನ ಒಳಮೈಯನ್ನು ಬಾಯಿಯ ಕಡೆ ಕಿರಿದಾಗಿ ತುದಿಯ ಕಡೆ ಅಗಲವಾಗುವಂತೆ ಉಳಿಯಿಂದ ತೋಡಿ, ಆಮೇಲೆ ಎರಡನ್ನೂ ಅಂಟಿನಿಂದ ಕೂಡಿಸುತ್ತಿದ್ದನು. ಹೊರಮೈಯನ್ನು ಎಂಟು ಮುಖಗಳಾಗಿ ಹೆರೆದು, ಸಂದಿನಿಂದ ಗಾಳಿ ಸೋರದಂತೆ ದಾರ ಸುತ್ತಿ, ಮೇಲೆ ತೆಳುವಾದ ಕಪ್ಪು ತೊಗಲನ್ನು ಬಿಗಿದು ಅಂಟಿಸಿದರೆ ವಾದ್ಯ ಸಿದ್ಧವಾಯಿತು. ಬಾಯಿಯ ಕಡೆಯ ತುದಿಯಲ್ಲಿ ವಜ್ರಾಕಾರದ ಸಣ್ಣ ಕೆತ್ತನೆಗಳ ಸಾಲೊಂದು ಇರುತ್ತಿತ್ತು. ಊದುವ ಮೌತ್‌ಪೀಸ್ ಬೇರೆಯೇ ತುಂಡು. ಪ್ರಾಣಿಯ ಕೊಂಬಿನಿಂದಲೋ ದಂತದಿಂದಲೋ ಮಾಡಿದ, ಸುಲಿದ ಅಡಿಕೆಗಿಂತ ದೊಡ್ಡದಲ್ಲದ, ಅಂಚು ತೆಳ್ಳಗಿರುವ ಪುಟ್ಟ ಬಟ್ಟಲು ಅದು. ಹಳೆಯ ಚಿತ್ರಗಳಲ್ಲಿ ವಾದಕರು ಅದನ್ನು ಬಾಯಿಯ ನಡುವೆ ಇಡದೆ ತುಟಿ ತೆಳುವಾಗಿರುವ ಬಾಯಂಚಿಗೆ ಇಟ್ಟು ನುಡಿಸುವುದನ್ನು ಕಾಣುತ್ತೇವೆ.

ಇದಲ್ಲದೆ ನೇರವಾದ ಕೊರ್ನೆಟ್ಟೊವೂ ಇತ್ತು. ಮೌತ್‌ಪೀಸನ್ನು ಬೇರೆಯಾಗಿ ಜೋಡಿಸದೆ ಮರದ ತುದಿಯಲ್ಲಿಯೇ ಕೆತ್ತಿಕೊಂಡ, ಮೆಲುದನಿಯ ‘ಮೂಕ ಕೊರ್ನೆಟ್ಟೊ’ವೂ ಇತ್ತು. ಆದರೆ ಹೆಸರು ಮಾಡಿದ್ದು ಕಪ್ಪು ತೊಗಲಿನ ಬಾಗಿದ ವಾದ್ಯವೇ.

ಪ್ರಶ್ನೆ: ಇಟಲಿಯಲ್ಲಿ ಅದರ ಉಚ್ಛ್ರಾಯದ ಕಾಲ ಯಾವುದು? ಅಷ್ಟೊಂದು ಮನ್ನಣೆ ಸಿಗಲು ಅದರಲ್ಲಿ ಅಂಥದ್ದೇನಿತ್ತು?
(ಓದುಗರು, ಮೈಸೂರು)

ಉತ್ತರ: ಸ್ಥೂಲವಾಗಿ 16ನೇ ಶತಮಾನದ ನಡುಭಾಗದಿಂದ 1630ರವರೆಗಿನ ಎಂಟು ದಶಕಗಳೆನ್ನಬಹುದು. ಅದರಲ್ಲಿಯೂ 1568ರ ನಂತರದ ಅರವತ್ತು ವರ್ಷಗಳು ಮುಖ್ಯ. ಆ ವರ್ಷ ವೆನಿಸ್ಸಿನ ಸಾನ್ ಮಾರ್ಕೊ ಬಸಿಲಿಕದವರು (ಬಸಿಲಿಕವೆಂದರೆ ವಿಶೇಷ ಮನ್ನಣೆಯ ದೊಡ್ಡ ಚರ್ಚು) ಉದಿನೆ ಪಟ್ಟಣದ ಜಿರೋಲಾಮೊ ದಲ್ಲಾ ಕಾಸಾ ಎಂಬ ಕೊರ್ನೆಟ್ಟೊ ವಾದಕನನ್ನೂ ಅವನ ಇಬ್ಬರು ಸಹೋದರರನ್ನೂ ಸಂಬಳದ ಮೇಲೆ ನೇಮಿಸಿಕೊಂಡರು. ಅದುವರೆಗೆ ಹಬ್ಬಹರಿದಿನಗಳಲ್ಲಿ ಮಾತ್ರ ಹೊರಗಿನಿಂದ ಕರೆಸಿಕೊಳ್ಳುತ್ತಿದ್ದ ವಾದಕರಿಗೆ ಬಸಿಲಿಕದೊಳಗೇ ಕಾಯಂ ಸ್ಥಾನ ದೊರೆತದ್ದು ಹೀಗೆ. ವಾದ್ಯಮೇಳದ ಮುಖ್ಯಸ್ಥನ ಹೊಣೆ ಜಿರೋಲಾಮೊನದೇ ಆಯಿತು. 1601ರಲ್ಲಿ ಅವನು ತೀರಿಕೊಂಡ ಮೇಲೆ ಆ ಸ್ಥಾನಕ್ಕೆ ಬಂದ ಜೊವಾನ್ನಿ ಬಸ್ಸಾನೊ ಕೂಡ ಕೊರ್ನೆಟ್ಟೊ ವಾದಕನೇ. ಇಟಲಿಯ ಅತ್ಯಂತ ಶ್ರೀಮಂತ ಚರ್ಚುಗಳಲ್ಲೊಂದು ತನ್ನ ಮೇಳವನ್ನು ಎರಡು ತಲೆಮಾರು ಈ ವಾದ್ಯದವರ ಕೈಗೆ ಒಪ್ಪಿಸಿತ್ತೆಂಬುದೇ ಅದರ ಸ್ಥಾನಮಾನವನ್ನು ಹೇಳುತ್ತದೆ.

ಮನ್ನಣೆಯ ಕಾರಣವನ್ನು ದಲ್ಲಾ ಕಾಸಾ ತಾನೇ 1584ರಲ್ಲಿ ಅಚ್ಚುಮಾಡಿಸಿದ ಕೈಪಿಡಿಯಲ್ಲಿ ಬರೆದಿದ್ದಾನೆ: ಊದುವಾದ್ಯಗಳಲ್ಲೆಲ್ಲ ಶ್ರೇಷ್ಠವಾದದ್ದು ಕೊರ್ನೆಟ್ಟೊ, ಏಕೆಂದರೆ ಉಳಿದ ವಾದ್ಯಗಳಿಗಿಂತ ಹೆಚ್ಚಾಗಿ ಅದು ಮನುಷ್ಯದನಿಯನ್ನು ಅನುಕರಿಸುತ್ತದೆ. ನನ್ನ ಮಟ್ಟಿಗೆ ಈ ವಾದ್ಯದ ಏಳುಬೀಳೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಆ ಕಾಲದ ಇಟಲಿಯಲ್ಲಿ ಹಾಡುಗಾರಿಕೆಯೇ ಸಂಗೀತದ ಅಳತೆಗೋಲು. ಹಾಡಿಗೆ ಎಷ್ಟು ಹತ್ತಿರ ಹೋಗಬಲ್ಲದು ಎಂಬುದರ ಮೇಲೆ ವಾದ್ಯದ ಬೆಲೆಯನ್ನು ಕಟ್ಟುತ್ತಿದ್ದರು. ತುಟಿಯನ್ನು ಸ್ವಲ್ಪ ಸಡಿಲಿಸಿದರೆ, ಉಸಿರನ್ನು ಸ್ವಲ್ಪ ಬಿಗಿಹಿಡಿದರೆ ಕೊರ್ನೆಟ್ಟೊದ ಸ್ವರ ಕೂದಲೆಳೆಯಷ್ಟು ಬಾಗುತ್ತದೆ, ಉಬ್ಬುತ್ತದೆ, ಕ್ಷೀಣಿಸುತ್ತದೆ. ಕೇಳಿಸಿಯೂ ಕೇಳಿಸದಂತಹ ಮೆಲುದನಿಯಿಂದ ದೊಡ್ಡ ಬಸಿಲಿಕವನ್ನು ತುಂಬುವ ಏರುದನಿಯವರೆಗೆ ಅದು ಸಲೀಸಾಗಿ ಹೋಗಿ ಬರುತ್ತದೆ. ಫ್ರಾನ್ಸಿನ ವಿದ್ವಾಂಸ ಪಾದ್ರಿ ಮರ್ಸೆನ್ 1636ರಲ್ಲಿ, ಚರ್ಚಿನಲ್ಲಿ ಗಾಯಕರ ದನಿಗಳ ನಡುವೆ ಕೇಳಿಬರುವ ಕೊರ್ನೆಟ್ಟೊದ ನಾದವನ್ನು ಕತ್ತಲಲ್ಲಿ ಮೂಡುವ ಬಿಸಿಲುಕೋಲಿಗೆ ಹೋಲಿಸಿದನು. ಈ ವಾದ್ಯದ ಬಗ್ಗೆ ಬರೆಯುವವರೆಲ್ಲ ಆ ಹೋಲಿಕೆಯನ್ನು ಎತ್ತಿಕೊಳ್ಳುತ್ತಾರೆ. ಅದಕ್ಕಿಂತ ಒಳ್ಳೆಯದು ಸಿಗದ ಕಾರಣ ನಾನೂ ಎತ್ತಿಕೊಂಡಿದ್ದೇನೆ.

ಹಾಡಿನ ಅನುಕರಣೆ ಬರೀ ನಾದಕ್ಕೆ ನಿಲ್ಲುತ್ತಿರಲಿಲ್ಲ, ಉಚ್ಚಾರಕ್ಕೂ ಇಳಿಯುತ್ತಿತ್ತು. ದಲ್ಲಾ ಕಾಸಾ ನಾಲಗೆಯ ಹೊಡೆತಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಲೆ-ರೆ-ಲೆ-ರೆ ಎಂಬುದು ಮೃದುವಾದದ್ದು, ತೆ-ರೆ-ತೆ-ರೆ ಮಧ್ಯಮ, ತೆ-ಕೆ-ತೆ-ಕೆ ಒರಟಾದದ್ದು. ಮೃದಂಗದ ಪಾಠದಲ್ಲಿ ಗುರುಗಳು ಮೊದಲು ತ-ಕ-ದಿ-ಮಿ ಎಂದು ಬಾಯಲ್ಲಿ ಹೇಳಿಸುವುದು ಇದನ್ನು ಓದುವಾಗ ನೆನಪಾಗುತ್ತದೆ. ಆದರೆ ಅಲ್ಲಿ ಬಾಯಿಪಾಠ ಕೈಗೆ ಇಳಿಯಬೇಕು, ಇಲ್ಲಿ ಅದೇ ಅಕ್ಷರವನ್ನು ಸದ್ದಿಲ್ಲದೆ ವಾದ್ಯದೊಳಕ್ಕೇ ನುಡಿಯಬೇಕು. ಮೃದುವಾದ ಲೆ-ರೆಯಲ್ಲಿ ನುಡಿಸಿದ ವೇಗದ ಸ್ವರಗಳು ಒಂದಕ್ಕೊಂದು ಅಂಟಿಕೊಂಡಂತೆಯೂ ಬಿಡಿಬಿಡಿಯಾಗಿಯೂ ಏಕಕಾಲಕ್ಕೆ ಕೇಳಿಸುತ್ತವೆ. ನುರಿತ ಗಾಯಕನ ಗಂಟಲಿನ ಓಟವೂ ಹೀಗೆಯೇ ಅಲ್ಲವೇ?

ಅವನ ಕೈಪಿಡಿಯ ಮುಖ್ಯ ವಿಷಯವೇ ಇಂತಹ ಓಟ. ಚಿಪ್ರಿಯಾನೊ ದೆ ರೋರೆಯಂತಹ ಸಂಗೀತ ರಚನಕಾರರ ಪ್ರಸಿದ್ಧ ಹಾಡುಗಳನ್ನು ತೆಗೆದುಕೊಂಡು, ಅವುಗಳ ಒಂದೊಂದು ಉದ್ದ ಸ್ವರವನ್ನೂ ಒಡೆದು, ಅದೇ ಅವಧಿಯೊಳಗೆ 24 ಅಥವಾ 32 ಸಣ್ಣ ಸ್ವರಗಳನ್ನು ಪೋಣಿಸುವ ಬಗೆಯನ್ನು ಅವನು ತೋರಿಸಿದ್ದಾನೆ. ನಮ್ಮ ಹಿಂದೂಸ್ತಾನಿ ಗಾಯಕರ ತಾನುಗಳನ್ನು ಕೇಳಿ ಬೆಳೆದವರಿಗೆ ಇದರ ರುಚಿಯನ್ನು ಊಹಿಸಿಕೊಳ್ಳುವುದು ಕಷ್ಟವಾಗದು. ಜೊವಾನ್ನಿ ಬಸ್ಸಾನೊ ಮರುವರ್ಷವೇ, ಅಂದರೆ 1585ರಲ್ಲಿ, ಇಂತಹದೇ ಪುಸ್ತಕವೊಂದನ್ನು ಹೊರತಂದನು.

ಸಾನ್ ಮಾರ್ಕೊದ ಕಟ್ಟಡದ ನೆರವೂ ಇತ್ತೆನ್ನಬೇಕು. ಎದುರುಬದುರಾದ ಎತ್ತರದ ಅಟ್ಟಗಳಲ್ಲಿ ಬೇರೆ ಬೇರೆ ತಂಡಗಳನ್ನು ನಿಲ್ಲಿಸಿ ಸವಾಲು ಜವಾಬಿನಂತೆ ಹಾಡಿಸುವುದು, ನುಡಿಸುವುದು ಅಲ್ಲಿನ ವಾಡಿಕೆಯಾಗಿತ್ತು. ಅಲ್ಲಿನ ಆರ್ಗನ್ ವಾದಕ ಜೊವಾನ್ನಿ ಗಾಬ್ರಿಯೇಲಿ 1597ರಲ್ಲಿ ಪ್ರಕಟಿಸಿದ, ಮೆಲುದನಿ ಮತ್ತು ಏರುದನಿಯ ಗುರುತುಗಳನ್ನು ಅಚ್ಚಿನಲ್ಲಿ ತೋರಿಸಿದ ಮೊದಮೊದಲ ಕೃತಿಗಳಲ್ಲೊಂದಾದ ‘ಸೊನಾಟಾ ಪಿಯಾನ್ ಎ ಫೋರ್ತೆ’ಯಲ್ಲಿ (ಸೊನಾಟಾ ಎಂದರೆ ವಾದ್ಯಗಳಿಗೆಂದೇ ರಚಿಸಿದ ಕೃತಿ) ಒಟ್ಟು ಎಂಟು ವಾದ್ಯಗಳು ಎರಡು ತಂಡಗಳಾಗಿವೆ. ಒಂದು ತಂಡದ ತಲೆಯಲ್ಲಿ ಕೊರ್ನೆಟ್ಟೊ, ಅದರ ಕೆಳಗೆ ಮೂರು ಟ್ರೊಂಬೋನ್ (ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ನುಡಿಸುವ ಹಿತ್ತಾಳೆಯ ಊದುವಾದ್ಯ). ಇನ್ನೊಂದು ತಂಡದ ತಲೆಯಲ್ಲಿ ತಂತಿವಾದ್ಯ, ಅದರ ಕೆಳಗೂ ಮೂರು ಟ್ರೊಂಬೋನ್. ಟ್ರೊಂಬೋನ್‌ಗಳ ಮೇಲೆ ಕೊರ್ನೆಟ್ಟೊ ಎಂಬ ಈ ಜೋಡಣೆ ಆ ಕಾಲದ ಇಟಲಿಯ ಉದ್ದಗಲಕ್ಕೂ ಇತ್ತು. ಬೊಲೊನ್ಯ ನಗರಾಡಳಿತದ ಮೇಳದವರು ಪಿಯಾಟ್ಸಾ ಮಜ್ಜೋರೆ ಚೌಕದ ಕಡೆಗಿರುವ ಅರಮನೆಯ ಮಹಡಿಯಿಂದ ಊದುತ್ತಿದ್ದುದು ಈ ಜೋಡಿಯನ್ನೇ. ರೋಮಿನ ಸಾಂತ್ ಆಂಜೆಲೊ ಕೋಟೆಯ ವಾದಕರದೂ ಇದೇ ಜೋಡಿ.

ಪ್ರಶ್ನೆ: ಅಂದಿನ ಸಮಾಜದಲ್ಲಿ ಇದನ್ನು ಯಾರು ಕಲಿಯುತ್ತಿದ್ದರು? ಶ್ರೀಮಂತರ ಮನೆಯ ಮಕ್ಕಳೇ?
(ಓದುಗರು, ಉಡುಪಿ)

ಉತ್ತರ: ಅಲ್ಲ. ಕೆನ್ನೆ ಉಬ್ಬಿಸಿ ಊದುವುದು ಸಂಭಾವಿತರಿಗೆ ಶೋಭಿಸದೆಂಬ ಭಾವನೆ ಅಂದಿನ ದರ್ಬಾರುಗಳಲ್ಲಿತ್ತು. ಅಲ್ಲಿನ ಶಿಷ್ಟಾಚಾರವನ್ನು ವಿವರಿಸಿ 1528ರಲ್ಲಿ ಕಾಸ್ತಿಲ್ಯೋನೆ ಬರೆದ ಗ್ರಂಥದಲ್ಲಿಯೂ ಈ ಮಾತು ಬರುತ್ತದೆ. ಹೀಗಾಗಿ ಕೊರ್ನೆಟ್ಟೊ ತಂದೆಯಿಂದ ಮಗನಿಗೆ ಇಳಿಯುವ ಕಸುಬುದಾರರ ವಿದ್ಯೆಯಾಗಿತ್ತು. ದಲ್ಲಾ ಕಾಸಾ ಸಹೋದರರು ಒಂದು ಉದಾಹರಣೆ. ವೆನಿಸ್ಸಿನ ಬಸ್ಸಾನೊ ಮನೆತನ ಇನ್ನೊಂದು. ಅವರಲ್ಲಿ ಹಲವರು 1540ರ ಸುಮಾರಿಗೆ ಇಂಗ್ಲೆಂಡಿನ 8ನೇ ಹೆನ್ರಿಯ ಆಸ್ಥಾನಕ್ಕೆ ಹೋಗಿ ನೆಲೆಸಿದರು.

ಆದರೆ ಎಲ್ಲ ಮಕ್ಕಳೂ ತಂದೆಯ ಕಸುಬನ್ನು ಪ್ರೀತಿಯಿಂದ ಹಿಡಿಯಲಿಲ್ಲ. ಫ್ಲಾರೆನ್ಸಿನ ಪ್ರಸಿದ್ಧ ಅಕ್ಕಸಾಲಿ, ಶಿಲ್ಪಿ ಬೆನ್ವೆನುತೊ ಚೆಲ್ಲೀನಿ ತನ್ನ ಆತ್ಮಕಥೆಯಲ್ಲಿ ಈ ಜಗಳವನ್ನು ಸ್ವಾರಸ್ಯವಾಗಿ ಹೇಳಿಕೊಂಡಿದ್ದಾನೆ. ಅವನ ತಂದೆ ನಗರಾಡಳಿತದ ವಾದ್ಯಮೇಳದಲ್ಲಿದ್ದವನು. ಮಗ ಕೊಳಲು, ಕೊರ್ನೆಟ್ಟೊ ಕಲಿತು ಹೆಸರು ಮಾಡಬೇಕೆಂಬುದು ಅವನ ಹಟ. ಮಗನಿಗೋ ಆ ಹಾಳು ವಾದನವೆಂದರೆ ಆಗದು, ಚಿನ್ನ ಬೆಳ್ಳಿಯ ಕೆಲಸವೇ ಬೇಕು. ಆದರೂ ಅಪ್ಪನ ಪಾಠ ವ್ಯರ್ಥವಾಗಲಿಲ್ಲ. ರೋಮಿನಲ್ಲಿದ್ದಾಗ, ಆಗಸ್ಟ್ 1ರ ಹಬ್ಬದಂದು ಪೋಪ್ 7ನೇ ಕ್ಲೆಮೆಂಟ್ ಊಟಕ್ಕೆ ಕುಳಿತಿರುವಾಗ ನುಡಿಸಬೇಕಾಗಿದ್ದ ಮೇಳದವರು ಮೇಲಿನ ಶ್ರುತಿಯ ಭಾಗಕ್ಕೆ ಇವನ ಕೊರ್ನೆಟ್ಟೊ ಬೇಕೆಂದು ಕರೆದರು. ಎಂಟು ದಿನ, ದಿನಕ್ಕೆ ಎರಡು ಗಂಟೆಯಂತೆ ಅಭ್ಯಾಸ ಮಾಡಿ ನುಡಿಸಿದಾಗ, ಇಷ್ಟು ಇಂಪಾದ ಮೇಳವನ್ನು ತಾನು ಕೇಳಿರಲೇ ಇಲ್ಲವೆಂದು ಪೋಪ್ ಮೆಚ್ಚಿ ಅವನನ್ನು ತನ್ನ ಸೇವೆಗೆ ಸೇರಿಸಿಕೊಳ್ಳಲು ಮುಂದಾದನಂತೆ. ಒಪ್ಪಲೋ ಬೇಡವೋ ಎಂದು ತೊಳಲಾಡುತ್ತ ಮಲಗಿದ ಆ ರಾತ್ರಿ ಕನಸಿನಲ್ಲಿ ತಂದೆ ಬಂದು, ಒಪ್ಪದಿದ್ದರೆ ಶಾಪ ಹಾಕುವುದಾಗಿ ಬೆದರಿಸಿದನೆಂದೂ ಬರೆದಿದ್ದಾನೆ. ಚೆಲ್ಲೀನಿ ತನ್ನ ಬಗ್ಗೆ ಹೇಳಿಕೊಳ್ಳುವುದನ್ನೆಲ್ಲ ಅಕ್ಷರಶಃ ನಂಬಬೇಕಾಗಿಲ್ಲ. ಆದರೂ ಪೋಪನ ಊಟದ ಹೊತ್ತಿಗೆ ಯಾವ ವಾದ್ಯ ಇಲ್ಲದಿದ್ದರೆ ಮೇಳ ಅಪೂರ್ಣವೆನಿಸುತ್ತಿತ್ತು ಎಂಬುದಕ್ಕೆ ಅವನು ಒಳ್ಳೆಯ ಸಾಕ್ಷಿ.

ಪ್ರಶ್ನೆ: ಹೆಂಗಸರು ನುಡಿಸುತ್ತಿದ್ದರೇ?
(ಓದುಗರು, ಬೆಂಗಳೂರು)

ಉತ್ತರ: ನುಡಿಸುತ್ತಿದ್ದರು, ಅದೂ ಮಠದ ಗೋಡೆಗಳೊಳಗೆ. ಫೆರಾರ ನಗರದ ಸಾನ್ ವೀತೊ ಮಠದ ಸನ್ಯಾಸಿನಿಯರು ಕೊರ್ನೆಟ್ಟೊ, ಟ್ರೊಂಬೋನ್‌ಗಳನ್ನು ಸೊಗಸಾಗಿ ನುಡಿಸುತ್ತಿದ್ದುದನ್ನು ಸಂಗೀತ ವಿದ್ವಾಂಸ ಬೊತ್ರಿಗಾರಿ 1594ರಲ್ಲಿ ಪ್ರಕಟಿಸಿದ ಸಂವಾದರೂಪದ ಪುಸ್ತಕದಲ್ಲಿ ಬೆರಗಿನಿಂದ ವರ್ಣಿಸಿದ್ದಾನೆ. ಕೊರ್ನೆಟ್ಟೊ ಹೆಂಗಸರ ವಾದ್ಯವಲ್ಲವೆಂಬ ಸಾಮಾನ್ಯ ಅಭಿಪ್ರಾಯ ಅಂದು ಇದ್ದುದರಿಂದಲೇ ಆ ಬೆರಗು.

ಪ್ರಶ್ನೆ: ಇಷ್ಟು ಮೆರೆದ ವಾದ್ಯ ಕಣ್ಮರೆಯಾದದ್ದೇಕೆ? ಉತ್ತಮ ವಾದ್ಯಗಳು ಬಂದಾಗ ಒರಟು ವಾದ್ಯಗಳು ಹಿಂದೆ ಸರಿಯುವುದು ಸಹಜವೆಂದು ನನ್ನ ಸ್ನೇಹಿತರ ವಾದ.
(ಓದುಗರು, ದಾವಣಗೆರೆ)

ಉತ್ತರ: ನಿಮ್ಮ ಸ್ನೇಹಿತರ ವಾದವನ್ನು ನಾನು ಒಪ್ಪುವುದಿಲ್ಲ. ಕೊರ್ನೆಟ್ಟೊವನ್ನು ಹಿಂದಕ್ಕೆ ತಳ್ಳಿದ್ದು ಅದಕ್ಕಿಂತ ಸುಧಾರಿಸಿದ ಊದುವಾದ್ಯವಲ್ಲ, ವಯೊಲಿನ್. ಅವೆರಡೂ ಬಹುಕಾಲ ಸರಿಸಮವಾಗಿಯೇ ನಡೆದವು. ಸಂಗೀತ ರಚನಕಾರ ದಾರಿಯೊ ಕಾಸ್ತೆಲ್ಲೊ 1621ರಲ್ಲಿ ವೆನಿಸ್ಸಿನಲ್ಲಿ ‘ಹೊಸ ಶೈಲಿ’ಯೆಂದೇ ಕರೆದು ಪ್ರಕಟಿಸಿದ ಸೊನಾಟಾಗಳನ್ನು ಎರಡರಲ್ಲಿ ಯಾವುದರಲ್ಲಿಯೂ ನುಡಿಸಬಹುದು. 1641ರಲ್ಲಿ ಅಚ್ಚಾದ ಜೊವಾನ್ನಿ ಬತ್ತಿಸ್ತ ಫೊಂತಾನನ ಸೊನಾಟಾಗಳ ಮುಖಪುಟದಲ್ಲಿಯೂ ವಯೊಲಿನ್ ಅಥವಾ ಕೊರ್ನೆಟ್ಟೊ ಎಂದೇ ಇದೆ. ಆದರೆ ಆ ಪುಸ್ತಕ ಹೊರಬರುವ ಹೊತ್ತಿಗೆ ಫೊಂತಾನ ತೀರಿಕೊಂಡು ಸುಮಾರು ಹತ್ತು ವರ್ಷವಾಗಿತ್ತು. 1630ರ ಪ್ಲೇಗ್ ಅವನನ್ನು ಕೊಂಡೊಯ್ದಿತ್ತು.

ಆ ಪ್ಲೇಗನ್ನು ನಾನು ಮುಖ್ಯ ಕಾರಣಗಳಲ್ಲೊಂದಾಗಿ ಎಣಿಸುತ್ತೇನೆ. 1630–31ರಲ್ಲಿ ವೆನಿಸ್ ನಗರವೊಂದರಲ್ಲಿಯೇ ಸುಮಾರು 46,000 ಜನ ಸತ್ತರು. ಅಂದರೆ ಮೂರು ಜನರಲ್ಲಿ ಒಬ್ಬರು. ಅದೇ 1630ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯ ಸೇನೆ ಮಾಂತುವ ನಗರವನ್ನು ಲೂಟಿ ಮಾಡಿತು, ಅಲ್ಲಿನ ಆಸ್ಥಾನದ ಸಂಗೀತವೂ ಅದರೊಂದಿಗೆ ಕುಸಿಯಿತು. ಪುಸ್ತಕ ನೋಡಿ ಕಲಿಯಲಾಗದ, ಎದುರಿಗೆ ಕೂತು ವರ್ಷಗಟ್ಟಲೆ ತುಟಿಯನ್ನೂ ಕಿವಿಯನ್ನೂ ಪಳಗಿಸಿಕೊಳ್ಳಬೇಕಾದ ವಿದ್ಯೆ ಇದು. ಪುಟ್ಟ ಮೌತ್‌ಪೀಸಿನಲ್ಲಿ ತುಟಿ ಬೇಗ ದಣಿಯುತ್ತದೆ. ರಂಧ್ರಗಳ ಅಂತರಕ್ಕೆ ಬೆರಳನ್ನು ಹಿಗ್ಗಿಸಿ ಹಿಡಿಯಬೇಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಸ್ವರವು ತನ್ನಷ್ಟಕ್ಕೆ ಶುದ್ಧವಾಗಿ ಬರುವುದಿಲ್ಲ, ಪ್ರತಿಯೊಂದನ್ನೂ ತುಟಿಯಿಂದಲೇ ಶ್ರುತಿಗೆ ತಂದುಕೊಳ್ಳಬೇಕು. ಹೀಗಿರುವಾಗ ಗುರುಗಳ ಒಂದು ತಲೆಮಾರೇ ಅಳಿಸಿಹೋದರೆ ಮುಂದಿನವರು ಕಲಿಯುವುದು ಯಾರಿಂದ?

ಇನ್ನೊಂದು ಕಾರಣ ಅಭಿರುಚಿಯದು. ದೊಡ್ಡ ಚರ್ಚುಗಳ ಬಹುತಂಡಗಳ ಸಂಗೀತ ಖರ್ಚಿನ ಬಾಬ್ತು. 1637ರಲ್ಲಿ ವೆನಿಸ್ಸಿನಲ್ಲಿ ಟಿಕೆಟ್ ಕೊಂಡು ನೋಡುವ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ರಂಗಮಂದಿರ ತೆರೆದ ಮೇಲೆ ಜನರೂ ಹಣವೂ ಅತ್ತ ಹರಿದವು, ಅಲ್ಲಿನ ಚಿಕ್ಕ ಮೇಳಕ್ಕೆ ತಂತಿವಾದ್ಯಗಳೇ ಸಾಕಾದವು. ವಯೊಲಿನ್ ವಾದಕರಾದರೋ ಒಂದೇ ಬಾರಿಗೆ ಎರಡು ತಂತಿ ನುಡಿಸುವುದು, ತಂತಿಯಿಂದ ತಂತಿಗೆ ನೆಗೆಯುವುದು, ಉಸಿರಿನ ಹಂಗಿಲ್ಲದೆ ಓಡುವುದು ಮುಂತಾಗಿ ಯಾವ ಗಂಟಲಿಗೂ ಸಾಧ್ಯವಾಗದ ಚಮತ್ಕಾರಗಳನ್ನು ಕಂಡುಕೊಂಡರು. ವಾದ್ಯವು ಹಾಡಿನಂತಿರಬೇಕೆಂಬ ಅಳತೆಗೋಲೇ ಸಡಿಲಗೊಂಡಿತು. ಹಾಡಿನ ಸಮೀಪದ ಬಂಧುವೆಂಬ ಕಾರಣಕ್ಕೆ ಮೇಲೇರಿದ್ದ ಕೊರ್ನೆಟ್ಟೊಗೆ ಆಗ ನಿಲ್ಲಲು ನೆಲೆಯೇ ಉಳಿಯಲಿಲ್ಲ.

ಅದು ಒಮ್ಮೆಲೇ ಮಾಯವಾಗಲಿಲ್ಲ. 1685ರ ಸುಮಾರಿಗೆ ಅಲ್ಲಿನ ಸಂಗೀತ ಮುಖ್ಯಸ್ಥ ಲೆಗ್ರೆಂತ್ಸಿ ಸಾನ್ ಮಾರ್ಕೊದ ಮೇಳವನ್ನು 34 ವಾದಕರಿಗೆ ಹಿಗ್ಗಿಸಿದಾಗ ಅದರಲ್ಲಿ ಇಬ್ಬರು ಮಾತ್ರ ಕೊರ್ನೆಟ್ಟೊದವರು, ಉಳಿದವರಲ್ಲಿ ಬಹುಪಾಲು ತಂತಿವಾದ್ಯದವರು. ಜರ್ಮನಿಯಲ್ಲಿ ಜಿಂಕ್ ಎಂಬ ಹೆಸರಿನಲ್ಲಿ ಪಟ್ಟಣದ ಗೋಪುರಗಳಿಂದ ಊದುವವರ ಕೈಯಲ್ಲಿ ಇನ್ನೂ ಬಹುಕಾಲ ಉಳಿಯಿತು. ಸಂಗೀತ ರಚನಕಾರ ಗ್ಲುಕ್ 1762ರಲ್ಲಿ ವಿಯೆನ್ನಾದಲ್ಲಿ ಇಟಾಲಿಯನ್ ಭಾಷೆಯ ‘ಓರ್ಫೆಯೊ’ ಒಪೆರಾವನ್ನು ರಂಗಕ್ಕೆ ತಂದಾಗ, ಮೊದಲ ಅಂಕದ ಶೋಕಗೀತಕ್ಕೆ ಟ್ರೊಂಬೋನ್‌ಗಳ ಜತೆ ಕೊರ್ನೆಟ್ಟೊವನ್ನು ಬಳಸಿದನು. ಆ ಹೊತ್ತಿಗೆ ಅದು ಸಾವಿನ ಹಳೆಯ ನೆನಪನ್ನು ತರುವ, ಪುರಾತನವೆನಿಸುವ ದನಿಯಾಗಿತ್ತು.

ಪ್ರಶ್ನೆ: ಈಗ ಇದನ್ನು ಕೇಳಬೇಕೆಂದರೆ ಎಲ್ಲಿಂದ ಪ್ರಾರಂಭಿಸಬೇಕು? ಕೇಳುವಾಗ ಏನನ್ನು ಗಮನಿಸಬೇಕು?
(ಓದುಗರು, ಧಾರವಾಡ)

ಉತ್ತರ: 20ನೇ ಶತಮಾನದ ಎರಡನೆಯ ಭಾಗದಲ್ಲಿ ಹಳೆಯ ಮಾದರಿಗಳನ್ನು ನೋಡಿ ವಾದ್ಯವನ್ನು ಮತ್ತೆ ತಯಾರಿಸತೊಡಗಿದರು, ಇಂಗ್ಲೆಂಡಿನ ಕ್ರಿಸ್ಟೊಫರ್ ಮಂಕ್ ಅಗ್ಗದ ರಾಳದ ಅಚ್ಚಿನಲ್ಲಿಯೂ ಮಾಡಿ ಹರಡಿದರು. 1970ರ ದಶಕದಿಂದ ಬಾಸೆಲ್ ನಗರದಲ್ಲಿ ಕಲಿಸಿದ ಬ್ರೂಸ್ ಡಿಕಿ ಮತ್ತು ಅವರ ಶಿಷ್ಯರಿಂದಾಗಿ ಇಂದು ನುರಿತ ವಾದಕರ ಕೊರತೆಯಿಲ್ಲ, ಧ್ವನಿಮುದ್ರಿಕೆಗಳೂ ಸುಲಭವಾಗಿ ಸಿಗುತ್ತವೆ.

ಇಟಲಿಯ ಸಂಗೀತ ರಚನಕಾರ ಕ್ಲೌದಿಯೊ ಮೊಂಟೆವರ್ಡಿಯಿಂದ ಆರಂಭಿಸಿ ಎಂದು ನನ್ನ ಸಲಹೆ. ಅವನು 1610ರಲ್ಲಿ ಅಚ್ಚುಮಾಡಿಸಿದ ಸಂಜೆಯ ಪ್ರಾರ್ಥನೆಗಳಲ್ಲಿ ‘ಸಾಂಕ್ತ ಮರಿಯ’ ಎಂಬ ಸಾಲನ್ನು ಎಳೆಯ ದನಿಗಳು ಹನ್ನೊಂದು ಬಾರಿ ಹಾಡುತ್ತಿರುವಾಗ, ಸುತ್ತಲೂ ಎರಡು ಕೊರ್ನೆಟ್ಟೊ, ಎರಡು ವಯೊಲಿನ್ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಭಾಗವೊಂದಿದೆ. ಒಂದೇ ಸ್ವರಸಮೂಹ ಉಸಿರಿನಿಂದ ಬಂದಾಗ ಹೇಗೆ, ಕಮಾನಿನಿಂದ ಬಂದಾಗ ಹೇಗೆ ಎಂದು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆಮೇಲೆ ಅವನ ‘ಓರ್ಫೆಯೊ’. 1607ರ ಫೆಬ್ರುವರಿಯಲ್ಲಿ ಮಾಂತುವದ ಅರಮನೆಯಲ್ಲಿ ಮೊದಲ ಬಾರಿ ಆಡಿದ ಈ ಒಪೆರಾದ ಮೂರನೆಯ ಅಂಕದಲ್ಲಿ, ಸತ್ತ ಹೆಂಡತಿಯನ್ನು ಹುಡುಕಿಕೊಂಡು ಪಾತಾಳದ ಹೊಳೆಯ ದಡಕ್ಕೆ ಬಂದ ಓರ್ಫೆಯೊ, ತನ್ನನ್ನು ದಾಟಿಸೆಂದು ಅಂಬಿಗ ಕರೋಂತೆಯನ್ನು ಹಾಡಿನಿಂದ ಬೇಡಿಕೊಳ್ಳುತ್ತಾನೆ. ಮೊದಲ ಪದ್ಯಕ್ಕೆ ಎರಡು ವಯೊಲಿನ್‌ಗಳ ಸಾಥ್, ಎರಡನೆಯದಕ್ಕೆ ಎರಡು ಕೊರ್ನೆಟ್ಟೊ, ಮೂರನೆಯದಕ್ಕೆ ಹಾರ್ಪ್. ಎರಡನೆಯ ಪದ್ಯ ಬಂದಾಗ ಕಿವಿಗೊಟ್ಟು ಕೇಳಿ. ಗಾಯಕ ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುತ್ತಲೇ ಒಂದು ಕೊರ್ನೆಟ್ಟೊ ಅವನ ಗಂಟಲಿನ ಓಟವನ್ನೇ ಮುಂದುವರಿಸುತ್ತದೆ, ಇನ್ನೊಂದು ಅದನ್ನೇ ಮಾರ್ದನಿಯಾಗಿ ಮರಳಿ ನುಡಿಯುತ್ತದೆ. ಹಾಡು ನಿಂತದ್ದೆಲ್ಲಿ, ವಾದ್ಯ ಹಿಡಿದದ್ದೆಲ್ಲಿ ಎಂದು ಒಂದು ಕ್ಷಣ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಕೇಳಿಯೂ ಕರೋಂತೆ, ಮನಸ್ಸಿಗೇನೋ ಹಿತವಾಯಿತು, ಆದರೆ ಕನಿಕರ ತನ್ನ ಎದೆಗೆ ಸಲ್ಲದು ಎಂದುಬಿಡುತ್ತಾನೆ, ಮತ್ತು ಸ್ವಲ್ಪ ಹೊತ್ತಿನಲ್ಲಿ ದೋಣಿಯಲ್ಲೇ ನಿದ್ದೆಹೋಗುತ್ತಾನೆ.